ಚಂದ್ರಗಿರಿಯಾಚೆ ಅಧಿಕಾರ, ನೇತ್ರಾವತಿ ದಡದಲ್ಲಿ ಸಂಘ

1957ರ ಏಪ್ರಿಲ್ 5ರಂದು ಕೇರಳದಲ್ಲಿ ಕಮ್ಯುನಿಸ್ಟ್ ಸರ್ಕಾರ ಅಧಿಕಾರ ವಹಿಸಿಕೊಂಡಿತು. ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್ ಗೆದ್ದು ಬಂದದ್ದು ನೀಲೇಶ್ವರದಿಂದ. ಬರೀ ಐದು ತಿಂಗಳ ಹಿಂದೆ ಆ ಊರು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಅಲ್ಲಿಯ ಜನ ಜಿಲ್ಲಾ ಕಚೇರಿಯ ಕೆಲಸವಿದ್ದರೆ ಮಂಗಳೂರಿಗೇ ಬರಬೇಕಿತ್ತು. ಜಿಲ್ಲೆಯ ತೆಂಕಣ ತುದಿಯಲ್ಲಿ ಸರ್ಕಾರವನ್ನೇ ಕಟ್ಟಿದ ಚಳವಳಿ ಜಿಲ್ಲಾ ಕೇಂದ್ರದಲ್ಲಿ ಕಾರ್ಮಿಕ ಸಂಘದಾಚೆಗೆ ಯಾಕೆ ಬೆಳೆಯಲಿಲ್ಲ?

ಮಾರ್ಕ್ಸ್‌ವಾದಿ ಗ್ರಂಥಗಳ ಲೆಕ್ಕದಲ್ಲಿ ನೋಡಿದರೆ ಮಂಗಳೂರೇ ಮುಂದಿರಬೇಕಿತ್ತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನದಿ ದಡಗಳಲ್ಲಿ ಚಿಮಣಿಗಳು ಸಾಲಾಗಿ ಎದ್ದವು. ಗೇರುಬೀಜ, ಬೀಡಿ, ಬಂದರಿನ ಕೂಲಿ ಎಲ್ಲ ಸೇರಿ ಕೈಕೆಲಸವನ್ನೇ ನಂಬಿದ ದೊಡ್ಡ ವರ್ಗವೊಂದು ಇಲ್ಲಿತ್ತು. ನೀಲೇಶ್ವರ, ಕಯ್ಯೂರಿನ ಕಡೆ ಇದ್ದದ್ದು ಧಣಿಗಳು ಮತ್ತು ಗೇಣಿ ಒಕ್ಕಲುಗಳು.

ಕಿಡಿ ಹತ್ತಿದ್ದು ಅಲ್ಲಿ. 1941ರ ಮಾರ್ಚ್ 28ರಂದು ಕಯ್ಯೂರಿನ ರೈತ ಮೆರವಣಿಗೆಯ ನಡುವೆ ಸಿಕ್ಕಿಬಿದ್ದ ಸುಬ್ಬರಾಯನ್ ಎಂಬ ಪೊಲೀಸ್ ಹೊಳೆಗೆ ಹಾರಿ ಸತ್ತ. ಮೊಕದ್ದಮೆ ನಡೆದದ್ದು ಮಂಗಳೂರಿನ ಸೆಷನ್ಸ್ ನ್ಯಾಯಾಲಯದಲ್ಲಿ. 1943ರ ಮಾರ್ಚ್ 29ರಂದು ನಾಲ್ವರು ಯುವಕರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ನೀಲೇಶ್ವರದಲ್ಲಿ ಓದಿದ್ದ ಕುಳಕುಂದದ ಹುಡುಗ ಶಿವರಾಯ, ಅಂದರೆ ನಿರಂಜನ, ಮುಂದೆ ಇದನ್ನೇ ‘ಚಿರಸ್ಮರಣೆ’ ಕಾದಂಬರಿಯಾಗಿಸಿದರು. ಕಯ್ಯೂರಿನ ನೆನಪನ್ನು ಮಲಯಾಳಿಗಳಷ್ಟೇ ಆಪ್ತವಾಗಿ ಕನ್ನಡಿಗರೂ ಇಟ್ಟುಕೊಂಡಿದ್ದರೆ ಅದಕ್ಕೆ ಈ ಪುಸ್ತಕವೇ ಕಾರಣ.

ಎರಡೂ ಲೋಕಗಳ ನಡುವಿನ ಸೇತುವೆಯಂತಿದ್ದವರು ಬಿ.ವಿ. ಕಕ್ಕಿಲ್ಲಾಯ. ಹುಟ್ಟಿದ್ದು ಚಂದ್ರಗಿರಿ ಹೊಳೆಯ ಹತ್ತಿರದ ಬೇವಿಂಜೆಯಲ್ಲಿ, ಓದಿದ್ದು ಸಂತ ಅಲೋಶಿಯಸ್ ಕಾಲೇಜಿನಲ್ಲಿ. 1952ರಲ್ಲಿ ಮದ್ರಾಸ್ ರಾಜ್ಯದಿಂದ ರಾಜ್ಯಸಭೆಗೆ ಹೋಗಿ ಅಲ್ಲಿ ಕರ್ನಾಟಕ ಏಕೀಕರಣದ ಪರ ದನಿ ಎತ್ತಿದರು. ಆದರೆ ಏಕೀಕರಣ ಬಂದಾಗ ಅವರ ಹುಟ್ಟೂರೇ ಕೇರಳದ ಪಾಲಾಯಿತು. ಅದರೊಂದಿಗೆ ಇಲ್ಲಿಯ ಪಕ್ಷ ತನ್ನ ಗಟ್ಟಿ ರೈತ ನೆಲೆಯನ್ನೂ ಕಳೆದುಕೊಂಡಿತು. ಗಡಿಯಾಚೆ ಉಳಿದ ಕನ್ನಡಿಗರಲ್ಲಿ ಡಾ. ಎ. ಸುಬ್ಬರಾವ್ ಮಂಜೇಶ್ವರದಿಂದ ಗೆದ್ದು 1980ರಲ್ಲಿ ಕೇರಳದ ನೀರಾವರಿ ಮಂತ್ರಿಯಾದರು, ಎಂ. ರಾಮಣ್ಣ ರೈ ಕಾಸರಗೋಡಿನಿಂದ ಲೋಕಸಭೆಗೆ ಹೋದರು. ಈಚೆ ಕಕ್ಕಿಲ್ಲಾಯರು 1972 ಮತ್ತು 1978ರಲ್ಲಿ ವಿಧಾನಸಭೆ ಸೇರಿದರು, 1983ರಲ್ಲಿ ಉಳ್ಳಾಲದಿಂದ ಪಿ. ರಾಮಚಂದ್ರ ರಾವ್ ಗೆದ್ದರು. ಪಕ್ಷ 1964ರಲ್ಲಿ ಒಡೆದದ್ದರಿಂದ ಇದ್ದ ಬಲವೂ ಹಂಚಿಹೋಗಿತ್ತು.

ಕೋಮುರಾಜಕಾರಣ ಕೆಂಬಾವುಟವನ್ನು ನುಂಗಿತು ಎನ್ನುವುದು ಇಲ್ಲಿ ಸಾಮಾನ್ಯವಾಗಿ ಕೇಳುವ ಮಾತು. ನನಗೆ ಅದು ಅರ್ಧ ಉತ್ತರ ಅನ್ನಿಸುತ್ತದೆ. ಉಳಿದರ್ಧ ಬೀಡಿಯಲ್ಲಿ ಮತ್ತು ಗದ್ದೆಯಲ್ಲಿದೆ.

1966ರಲ್ಲಿ ಬೀಡಿ ಕಾರ್ಮಿಕರಿಗೆ ರಕ್ಷಣೆ ಕೊಡುವ ಕೇಂದ್ರ ಕಾಯ್ದೆ ಬಂತು. ಅದು ಜಾರಿಯಾಗುವ ಹೊತ್ತಿಗೆ, 1968ರಲ್ಲಿ, ಮಂಗಳೂರು ಗಣೇಶ್ ಬೀಡಿಯವರು ಕಣ್ಣೂರಿನ ಕಡೆಯ ಘಟಕಗಳನ್ನು ಮುಚ್ಚಿದರು. ಸುಮಾರು 12,000 ಮಂದಿಯ ಕೆಲಸ ಹೋಯಿತು. ಆಗ ಅಲ್ಲಿ ಇ.ಎಂ.ಎಸ್. ಎರಡನೆಯ ಬಾರಿ ಮುಖ್ಯಮಂತ್ರಿ. ಸರ್ಕಾರದ ನೆರವಿನಿಂದ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಶುರುವಾಯಿತು. ಕಾರ್ಮಿಕರು ಮತ್ತೆ ಒಂದೇ ಸೂರಿನಡಿ ಕೂತು ಬೀಡಿ ಕಟ್ಟಿದರು, ಒಬ್ಬರು ಪತ್ರಿಕೆ ಓದಿದರೆ ಮಿಕ್ಕವರು ಕೇಳಿದರು. ಮಂಗಳೂರಿನಲ್ಲಿ ಎಲೆ ಹೊಗೆಸೊಪ್ಪು ಮನೆಮನೆಗೆ ಹೋಯಿತು. ಬ್ರಾಂಚಿಗೆ ಬೀಡಿ ಕೊಟ್ಟು ಬರುವ ಹೆಂಗಸರಿಗೆ ಸಂಘ ತುಟ್ಟಿಭತ್ಯೆ, ಪಿ.ಎಫ್.ಗಾಗಿ ಹೋರಾಡಿತು, ಗಳಿಸಿಯೂ ಕೊಟ್ಟಿತು. ಆದರೆ ಜೊತೆಗೆ ಕೂತು ರಾಜಕೀಯ ಮಾತಾಡುವ ಜಾಗವೇ ಇರಲಿಲ್ಲ.

ಗದ್ದೆಯ ಕಥೆ ಇನ್ನೊಂದು ಬಗೆ. ‘ಉಳುವವನೇ ಹೊಲದೊಡೆಯ’ ಎಂದು ಕೂಗುತ್ತ ಬಂದವರು ಕಮ್ಯುನಿಸ್ಟರು, ಜಾರಿಗೆ ತಂದದ್ದು ದೇವರಾಜ ಅರಸರ ಕಾಂಗ್ರೆಸ್ ಸರ್ಕಾರ. 1974ರ ತಿದ್ದುಪಡಿಯ ನಂತರ ಡಿಕ್ಲರೇಶನ್ ಕೊಟ್ಟು ಭೂಮಿ ಪಡೆದ ಒಕ್ಕಲಿಗೆ ರೈತ ಸಂಘದ ಹಂಗು ಉಳಿಯಲಿಲ್ಲ. ಹೊಸ ಒಡೆಯನ ಮಕ್ಕಳು ಬ್ಯಾಂಕಿಗೆ, ಮುಂಬಯಿಗೆ, ಗಲ್ಫಿಗೆ ಹೋದರು. ಕೇರಳದಲ್ಲಿ ಭೂಸುಧಾರಣೆಯ ಕೀರ್ತಿ ಪಕ್ಷದ ಲೆಕ್ಕಕ್ಕೇ ಜಮೆಯಾಗಿತ್ತು.

ದಿಲ್ಲಿಯ ಮಟ್ಟದಲ್ಲಿ ಎಡಪಕ್ಷ ಅಧಿಕಾರದ ಹತ್ತಿರ ಬಂದದ್ದು 1996ರಲ್ಲಿ, ಇಂದ್ರಜಿತ್ ಗುಪ್ತ ಗೃಹ ಸಚಿವರಾದಾಗ. ಆ ಹೊತ್ತಿಗೆ ಮಂಗಳೂರಿನ ಹಂಚಿನ ಚಿಮಣಿಗಳು ಒಂದೊಂದಾಗಿ ಆರುತ್ತಿದ್ದವು. ನಕ್ಸಲರ ಬಂದೂಕು ಹಿಡಿದ ದಾರಿಯೂ ಘಟ್ಟದ ಬುಡದಲ್ಲಿ ಕಂಡಿತು: 2003ರಲ್ಲಿ ಕಾರ್ಕಳದ ಈದುವಿನಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದರು, 2025ರ ಜನವರಿಯಲ್ಲಿ ಆರು ಮಂದಿ ಮುಖ್ಯಮಂತ್ರಿಯ ಮುಂದೆ ಶರಣಾದರು. ಪಟ್ಟಣದ ಕಾರ್ಮಿಕರನ್ನು ಆ ದಾರಿ ಮುಟ್ಟಲೇ ಇಲ್ಲ.

2017ರ ಫೆಬ್ರವರಿ 25ರಂದು ಬಂದ್ ನಡುವೆಯೂ ಆಗಿನ ಕೇರಳ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಮಂಗಳೂರಿನ ನೆಹರೂ ಮೈದಾನದಲ್ಲಿ ಮಾತಾಡಿದರು, ಜನ ಸೇರಿದ್ದರು. ಸುರತ್ಕಲ್ ಟೋಲ್‌ಗೇಟಿನ ವಿರುದ್ಧದ ಹೋರಾಟದಲ್ಲಿ ಎಡ ಯುವಕರು ಮುಂಚೂಣಿಯಲ್ಲಿದ್ದರು, 2022ರ ಡಿಸೆಂಬರ್ 1ರಿಂದ ಅಲ್ಲಿ ಸುಂಕ ವಸೂಲಿ ನಿಂತಿತು. ಐದು ತಿಂಗಳ ನಂತರದ ವಿಧಾನಸಭಾ ಚುನಾವಣೆಯಲ್ಲಿ ಸುರತ್ಕಲ್ ಸೇರಿದ ಮಂಗಳೂರು ನಗರ ಉತ್ತರ ಕ್ಷೇತ್ರವನ್ನು ಬಿಜೆಪಿ ಉಳಿಸಿಕೊಂಡಿತು.