ಹೈದರಾಬಾದಿನ ಬಣ್ಣದ ಕೋಳಿ

ನಮ್ಮ ಅಬಿಡ್ಸ್‌ನ ಅಂಗಡಿಸಾಲಿನಲ್ಲಿ ಹಿತ್ತಲು ಎಲ್ಲಿ ಬಂತು, ಕೋಳಿ ಎಲ್ಲಿ ಬಂತು! ಆದರೆ ಊರುಕಡೆ ಹಿತ್ತಲಲ್ಲಿ ಕೆದಕುವ ವನರಾಜ ಕೋಳಿಯ ತವರು ಇದೇ ಹೈದರಾಬಾದು, ಗೊತ್ತೇ? ಇಲ್ಲಿನ ರಾಜೇಂದ್ರನಗರದಲ್ಲಿ 1988ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಕೋಳಿ ಸಂಶೋಧನಾ ಸಂಸ್ಥೆ ಬೆಳೆಸಿದ ತಳಿ ಅದು. ನಮ್ಮ ಹೆಬ್ಬಾಳದ ಗಿರಿರಾಜನ ಹಾಗೆ.

ನಾಟಿ ಕೋಳಿ ತಾನೇ ಮೇಯ್ದು, ಮಳೆ ಸೆಕೆ ತಡೆದು ಬದುಕುತ್ತದೆ. ಮೊಟ್ಟೆ ಮಾತ್ರ ವರ್ಷಕ್ಕೆ ಐವತ್ತು-ಅರವತ್ತು. ಫಾರಂನ ಬಿಳಿ ಕೋಳಿ ಮುನ್ನೂರರ ಹತ್ತಿರ ಇಟ್ಟರೂ, ಹಿತ್ತಲಿಗೆ ಬಿಟ್ಟರೆ ಹದ್ದಿನ ಕಣ್ಣಿಗೆ ಬೇಗ ಬೀಳುತ್ತದೆ. ವನರಾಜ ನಡುವಿನ ದಾರಿ: ಮೈಗೆ ಬಣ್ಣ, ಮೊಟ್ಟೆ ನೂರರ ಆಸುಪಾಸು. ಹೆಂಗಸರ ಕೈಖರ್ಚಿಗೆ ಅದೇ ದುಡ್ಡು.

ಆದರೆ ವನರಾಜ ಕಾವಿಗೆ ಕೂರುವುದಿಲ್ಲ. ಮರಿ ಬೇಕಾದರೆ ಮತ್ತೆ ಪೇಟೆಗೇ ಹೋಗಬೇಕು. ಅದಕ್ಕೇ ಮನೆಯ ನಾಟಿ ಹೇಂಟೆಯನ್ನು ಮಾತ್ರ ಮಾರಬೇಡಿ ಅಂತ ಊರಿಗೆ ಹೇಳಿ ಕಳಿಸಿ!