ಕತ್ತರಿಸಿದ್ರ ಎರಡಾಗೋ ಹುಳ

ನಮ್ಮ ಮಗಳು ಲಂಡನ್ನಿನ ಮನ್ಯಾಗ ಆಕ್ಸೊಲಾಟಲ್ ಸಾಕ್ಯಾಳ. ಕಾಲಿರೋ ಮೀನಿನಂಗ ಕಾಣಸ್ತದ, ಖರೇ ಅಂದ್ರ ಕಪ್ಪಿ ಬಳಗದ್ದು. ಹ್ವಾದ ತಿಂಗಳು ಫೋನ್ ಮಾಡಿ, "ಅವ್ವಾ, ಅದರ ತೊಟ್ಟಿಯೊಳಗ ಚಪ್ಪಟಿ ಹುಳ ಆಗ್ಯಾವ. ಬ್ಲೇಡಿನಿಂದ ಕತ್ತರಿಸಿದ್ರ ಒಂದು ಎರಡಾಗ್ತಾವ" ಅಂತ ಅತ್ಲು.

ಈ ಹುಳದ ಹೆಸರು ಪ್ಲನೇರಿಯಾ. 1814ರಾಗನ ಸ್ಕಾಟ್‌ಲಂಡಿನ ಜಾನ್ ಡ್ಯಾಲಿಯೆಲ್ ಅನ್ನೋರು ಇದನ್ನ ಕತ್ತರಿಸಿ ನೋಡಿ, ತುಂಡು ಮತ್ತ ಇಡೀ ಹುಳ ಆಗ್ತದ ಅಂತ ಬರದಿಟ್ಟಾರ. ಆಕ್ಸೊಲಾಟಲ್‌ನೂ ಹಂಗ ನೋಡ್ರಿ, ಕಾಲು ಹೋದ್ರ ಮತ್ತ ಬೆಳಸ್ಕೋತದ.

ಅದರ ತವರು ಮೆಕ್ಸಿಕೋದ ಶೋಚಿಮಿಲ್ಕೊ ಕೆರಿ. 1864ರಾಗ ಅಲ್ಲಿಂದ 34 ಪ್ಯಾರಿಸ್ಸಿಗೆ ಬಂದ್ವು. ಇವತ್ತು ಮಂದಿ ಸಾಕೋವು ಬಹಳಷ್ಟು ಅವರ ವಂಶದ್ದ. ತವರಿನ್ಯಾಗ ಮಾತ್ರ ಅಪರೂಪ ಆಗ್ಯಾವ: ನೀರು ಹೊಲಸಾತು, ಹೊರಗಿಂದ ತಂದು ಬಿಟ್ಟ ಕಾರ್ಪ್, ತಿಲಾಪಿಯಾ ಮೀನು ತತ್ತಿ-ಮರಿ ತಿಂದ್ವು.

ಹುಳಕ್ಕ ಉಪಾಯ ಸರಳ. ಉಳದ ಕೂಳು ಅವತ್ತ ತೆಗೀರಿ, ಕೊಳವಿ ಹಚ್ಚಿ ತಳದ ಹೊಲಸು ಎಳೀರಿ, ನೀರು ಸ್ವಲ್ಪ ಸ್ವಲ್ಪ ಬದಲಿಸ್ರಿ. ಗೊತ್ತಿಲ್ಲದ ಔಷಧ ಸುರಿಬ್ಯಾಡ್ರಿ, ಆಕ್ಸೊಲಾಟಲ್ ತೊಗಲು ಭಾಳ ಸೂಕ್ಷ್ಮ. ಮಗಳು ಹಂಗ ಮಾಡಿದ್ಲು, ಹುಳ ಕಡಿಮಿ ಆದ್ವು.

ಮುಸುರಿ ಉಳಿಸಿದ್ರ ಹುಳ ಬರ್ತಾವ ಅಂತ ನಮ್ಮತ್ತಿ ಹೇಳೂದು ನೆನಪಾತು.