ಸೆರೆಮನೆಯ ಕೌದಿ

ಸಾಯುತ್ತಿರುವವರ ಮಗ್ಗುಲಲ್ಲಿ ಕೂರುವುದು ನಮ್ಮ ಮನೆಗಳಲ್ಲಿ ಹೆಚ್ಚಾಗಿ ಹೆಂಗಸರ ಪಾಲಿಗೆ ಬಂದ ಕೆಲಸ. ಬಾಯಿಗೆ ಗಂಜಿ ಬಿಡುವವಳು ಸೊಸೆ, ಹಾಸಿಗೆ ಬದಲಿಸುವವಳು ಮಗಳು, ನಡುರಾತ್ರಿ ಎದ್ದು ಉಸಿರು ನೋಡುವವಳು ಹೆಂಡತಿ. ಇದು ಹೆಣ್ಣಿಗೆ ಹುಟ್ಟಿನಿಂದಲೇ ಬರುವ ಗುಣವೆಂದು ಹೊಗಳಿ, ಕೆಲಸವನ್ನು ನಮಗೇ ಬಿಟ್ಟುಬಿಡುತ್ತಾರೆ. ಅಮೆರಿಕದ ಗಂಡಸರ ಸೆರೆಮನೆಯೊಂದರ ಚರಿತ್ರೆ ಓದಿದ ಮೇಲೆ ನನಗೆ ಆ ಮಾತಿನಲ್ಲಿ ನಂಬಿಕೆ ಹೋಯಿತು.

ಲೂಸಿಯಾನ ರಾಜ್ಯದ ಆ ಸೆರೆಮನೆಯನ್ನು ಜನ ಅಂಗೋಲ ಎಂದೇ ಕರೆಯುತ್ತಾರೆ. ಮೂರು ಕಡೆ ಮಿಸಿಸಿಪ್ಪಿ ನದಿ, ನಡುವೆ 18,000 ಎಕರೆ ಹೊಲ. ಹಿಂದೆ ಅದು ಗುಲಾಮರು ದುಡಿಯುತ್ತಿದ್ದ ತೋಟ. ಆ ಗುಲಾಮರನ್ನು ತಂದ ಆಫ್ರಿಕದ ನಾಡಿನ ಹೆಸರೇ ತೋಟಕ್ಕೆ ಬಂತು. 1901ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು. ಜೀವಾವಧಿ ಶಿಕ್ಷೆಯವರು ನಡತೆ ಚೆನ್ನಾಗಿದ್ದರೆ ಹತ್ತೂವರೆ ವರ್ಷಕ್ಕೆ ಮನೆಗೆ ಹೋಗುವ ಪದ್ಧತಿ ಒಂದು ಕಾಲಕ್ಕೆ ಅಲ್ಲಿತ್ತು. 1970ರ ದಶಕದಲ್ಲಿ ಕಾನೂನು ಬಿಗಿಯಾಯಿತು. ಜೀವಾವಧಿ ಎಂದರೆ ಜೀವ ಹೋಗುವ ತನಕ ಎಂದಾಯಿತು. ಇಪ್ಪತ್ತರಲ್ಲಿ ಒಳಗೆ ಬಂದವರು ಅಲ್ಲೇ ಮುದುಕರಾದರು. ಹೆತ್ತವರು ತೀರಿಕೊಂಡರು, ನೋಡಲು ಬರುವವರು ನಿಂತರು.

ಸಾಯುವ ಖೈದಿಗೆ ಖೈದಿಯೇ ಆಸರೆಯಾಗುವ ಏರ್ಪಾಡು 1987ರಲ್ಲಿ ಮಿಸೌರಿಯ ಸ್ಪ್ರಿಂಗ್‌ಫೀಲ್ಡ್‌ನ ಸೆರೆಮನೆ ಆಸ್ಪತ್ರೆಯಲ್ಲಿ ಮೊದಲಾಗಿತ್ತು. ಅದನ್ನು ಕಟ್ಟಿದವರಲ್ಲಿ ಫ್ಲೀಟ್ ಮಾಲ್ ಎಂಬ ಖೈದಿಯೂ ಒಬ್ಬ. 1998ರಲ್ಲಿ ಅಂಗೋಲವೂ ಆ ದಾರಿ ಹಿಡಿಯಿತು. ಮುಂದೆ ಬಂದ ಖೈದಿಗಳನ್ನು ಆರಿಸಿ ಸುಮಾರು 40 ಗಂಟೆ ತರಬೇತಿ ಕೊಟ್ಟರು. ತಮ್ಮ ದಿನದ ಕೆಲಸ ಮುಗಿಸಿ ಅವರು ಇಲ್ಲಿಗೆ ಬರುತ್ತಿದ್ದರು. ಮೈ ಒರೆಸುವುದು, ಬೆನ್ನಿನಲ್ಲಿ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಮಲಮೂತ್ರ ತೆಗೆಯುವುದು, ಚಮಚದಲ್ಲಿ ಉಣಿಸುವುದು, ಎಲ್ಲ ಕಲಿತರು. ಕೊನೆಯ ದಿನಗಳಲ್ಲಿ ಸರದಿಯ ಮೇಲೆ ಹಗಲಿರುಳೂ ಕೂತರು, ಯಾರೂ ಒಂಟಿಯಾಗಿ ಸಾಯಬಾರದೆಂದು.

ಇನ್ನೊಂದು ವಿಷಯ ನನ್ನ ಮನಸ್ಸಿನಲ್ಲಿ ನಿಂತಿದೆ. ಅವರು ಹೊಲಿಗೆ ಕಲಿತರು. ಬಟ್ಟೆಯ ತುಂಡುಗಳನ್ನು ಜೋಡಿಸಿ, ನಮ್ಮ ಅಜ್ಜಿಯರ ಹಾಗೆ ಕೌದಿ ಹೊಲಿದರು. ಕೆಲವನ್ನು ಮಾರಿ ಈ ಸೇವೆಗೆ ಹಣ ಕೂಡಿಸಿದರು, ಕೆಲವನ್ನು ರೋಗಿಗೆ ಹೊದಿಸಿದರು. ಅದೇ ಸೆರೆಮನೆಯ ಬಡಗಿ ಖೈದಿಗಳು ಗಟ್ಟಿ ಮರದ ಶವಪೆಟ್ಟಿಗೆ ಮಾಡಿದರು. ಕುದುರೆ ಗಾಡಿಯಲ್ಲಿ ಮೆರವಣಿಗೆಯಂತೆ ಹೆಣ ಸಾಗಿಸಿದರು.

ಇವರಲ್ಲಿ ಕೊಲೆ ಮಾಡಿದವರೂ ಇದ್ದರು. ಅವರಿಂದ ಮಗನನ್ನು ಕಳೆದುಕೊಂಡ ತಾಯಿ ಒಬ್ಬಳಿರುತ್ತಾಳೆ, ಅವಳ ಮಗನ ಕೊನೆ ಗಳಿಗೆಯಲ್ಲಿ ಯಾರೂ ಕೈ ಹಿಡಿದಿರಲಿಲ್ಲ. ಆ ತಾಯಿಗೆ ಈ ಕಥೆ ಹೇಳಿ ಸಮಾಧಾನ ಮಾಡುವ ಧೈರ್ಯ ನನಗಿಲ್ಲ. ಸೇವೆಯಿಂದ ಹಳೆಯ ಲೆಕ್ಕ ಚುಕ್ತಾ ಆಗುವುದಿಲ್ಲ. ಸೇವೆ ಮಾಡಿದವರಿಗೆ ಬಿಡುಗಡೆಯ ಭರವಸೆಯೂ ಇರಲಿಲ್ಲ. ಆದರೂ ಮಾಡಿದರು.

ಕೈಯಲ್ಲಿ ಕತ್ತಿ ಹಿಡಿದಿದ್ದವನೂ ನಲವತ್ತು ಗಂಟೆಯಲ್ಲಿ ಮೈ ಒರೆಸಲು ಕಲಿಯಬಲ್ಲನಾದರೆ, ಇದು ಹೆಣ್ಣಿನ ಹುಟ್ಟುಗುಣವೆಂಬ ಮಾತು ಎಲ್ಲಿ ಉಳಿಯಿತು? ನಮ್ಮ ಮನೆಯ ಗಂಡುಮಕ್ಕಳಿಗೂ ಇದನ್ನು ಕಲಿಸಬಹುದು. ಅಜ್ಜನಿಗೆ ಗಂಜಿ ಕುಡಿಸಲು ಮೊಮ್ಮಗನನ್ನೇ ಕರೆಯೋಣ.